ಕರಡಿ ಮಾಂಸದ ಉಪ್ಪು ನೋಡಿದವರು

ನಾನು ಸಿಂಕ್‌ನ ಮುಂದೆ ನಿಂತಿದ್ದೆ. ಒಲೆ ನನ್ನ ಬಲಕ್ಕಿತ್ತು, ಕೈ ಚಾಚಿದರೆ ತಾಕುವಷ್ಟು ಹತ್ತಿರ. ಶನಿವಾರದ ಬೆಳಗು, ಊಟಕ್ಕೆ ಇನ್ನೂ ಬಹಳ ಹೊತ್ತಿತ್ತು. ನನ್ನ ಎರಡೂ ಕೈಗಳು ಅಕ್ಕಿ ತೊಳೆಯುವ ನೀರಿನಲ್ಲಿದ್ದವು. ಇದನ್ನು ಮೊದಲೇ ಹೇಳಬೇಕು. ಮುಂದೆ ನಾನು ಯಾರ್ಯಾರಿಗೋ ಫೋನಿನಲ್ಲಿ, ಎದುರಿನಲ್ಲಿ, ಕೊನೆಗೆ ಬರಹದಲ್ಲಿ ಹೇಳಬೇಕಾಗಿ ಬಂದದ್ದೆಲ್ಲ ಆ ಜಾಗದಿಂದ ನನಗೆ ಕಂಡದ್ದು ಮಾತ್ರ.

ಆ ಅಡುಗೆಮನೆ ಇರುವುದು ಕೆನಡಾದ ಉತ್ತರದ ಒಂದು ಸಣ್ಣ ಊರಿನಲ್ಲಿ. ಮೈಸೂರಿನಲ್ಲಿ ನಮ್ಮ ಜೊತೆ ಮೆಡಿಕಲ್ ಓದಿದವನೊಬ್ಬ ಅಲ್ಲಿ ಡಾಕ್ಟರ್. ಆಸ್ಟ್ರೇಲಿಯಾದಲ್ಲಿ ನೆಲೆಸಿದ ನಾವು ಮೂವರು ಸಹಪಾಠಿಗಳು ಕಳೆದ ವರ್ಷ ಒಟ್ಟಿಗೆ ರಜೆ ಹಾಕಿ ಅವನನ್ನು ನೋಡಲು ಹೋಗಿದ್ದೆವು. ನಾನು ಅಡಿಲೇಡ್‌ನಲ್ಲಿ ಫಿಸಿಶಿಯನ್. ಪರ್ತ್‌ನ ಗೆಳತಿ ಅರಿವಳಿಕೆ ತಜ್ಞೆ, ಮಂಗಳೂರಿನವಳು. ಬ್ರಿಸ್ಬೇನ್‌ನ ಗೆಳೆಯ ದಾವಣಗೆರೆ ಕಡೆಯವನು, ಅಲ್ಲಿ ಜಿ.ಪಿ., ಅಂದರೆ ಸಾಮಾನ್ಯ ಕಾಯಿಲೆ ನೋಡುವ ಡಾಕ್ಟರ್ ಆಗಿದ್ದ. ಮದುವೆಯಾಗಿರಲಿಲ್ಲ, ತಾಯಿಯನ್ನು ಕರೆಸಿಕೊಂಡು ಜೊತೆಯಲ್ಲಿಟ್ಟುಕೊಂಡಿದ್ದ. ಕೊರಳಲ್ಲಿ ಬೆಳ್ಳಿ ಕರಡಿಗೆಯಲ್ಲಿ ಲಿಂಗ. ಹಾಸ್ಟೆಲ್‌ನಲ್ಲಿ ಮೊಟ್ಟೆ ಇದೆ ಎಂದು ಕೇಕ್ ಕೂಡ ಮುಟ್ಟದಿದ್ದವನು.

ಮಾಂಸ ಕೊಟ್ಟವನು ನಮ್ಮ ಆತಿಥೇಯನ ಪಕ್ಕದ ಮನೆಯ ಬೇಟೆಗಾರ. ಹಿಂದಿನ ವರ್ಷ ಚಳಿ ಶುರುವಾಗುವ ಮೊದಲು ಹೊಡೆದ ಕಪ್ಪು ಕರಡಿಯ ತೊಡೆಯ ಭಾಗ. ಅಂದಿನಿಂದ ಫ್ರೀಜರ್‌ನಲ್ಲಿತ್ತು. ಮಧ್ಯದವರೆಗೂ ಕಡ್ಡಿ ಚುಚ್ಚಿ ಶಾಖ ಅಳೆಯುವ ಥರ್ಮಾಮೀಟರ್ ಒಂದನ್ನೂ ಅವನು ಕೊಟ್ಟಿದ್ದನಂತೆ. ನಮ್ಮವನು ಅದನ್ನು ತೋರಿಸಿ, "ಸಾರು ಮಾಡೋರಿಗೆ ಇದ್ಯಾಕೆ ಗುರು? ಊಟದ ಹೊತ್ತಿಗೆ ಮೂಳೆನೂ ಬೆಂದಿರುತ್ತೆ," ಎಂದು ಡ್ರಾಯರ್‌ನಲ್ಲಿ ಇಟ್ಟ.

ಸಾರಿನ ಮಟ್ಟಿಗೆ ಅವನು ಹೇಳಿದ್ದು ತಪ್ಪಾಗಿರಲಿಲ್ಲ.

ಅವನು ಮಾಡಿದ ಕ್ರಮ ಹೀಗಿತ್ತು. ಕರಡಿಯ ಕೊಬ್ಬು ನಾರುತ್ತದೆಂದು ಅದನ್ನೆಲ್ಲ ಕೆತ್ತಿ ತೆಗೆದ. ದಪ್ಪ ತುಂಡುಗಳಿಗೆ ಅರಿಸಿನ, ಉಪ್ಪು, ಖಾರದ ಪುಡಿ, ಮೆಣಸು ಸವರಿ ರಾತ್ರಿಯಿಡೀ ಇಟ್ಟಿದ್ದ. ಬೆಳಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಜೋರು ಉರಿಯಲ್ಲಿ ಹುರಿದ. ಆಮೇಲೆ ರುಬ್ಬಿದ ಮಸಾಲೆ ಮತ್ತು ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಿಸುವುದು. ಹುರಿಯುವುದಕ್ಕೂ ನೀರು ಹಾಕುವುದಕ್ಕೂ ನಡುವೆ ಉಪ್ಪು ನೋಡುವುದು ಅವನ ಮನೆಯ ರೂಢಿ. ನೀರು ಬಿದ್ದ ಮೇಲೆ ತುಂಡಿಗೆ ಉಪ್ಪು ಹಿಡಿಯುವುದಿಲ್ಲ ಎಂದು ಅವನ ಅಮ್ಮ ಹೇಳಿಕೊಟ್ಟಿದ್ದರು.

ಕರಡಿಯ ಮಾಂಸ ಹಸಿಯಾಗಿರುವಾಗಲೇ ಪಿತ್ತಜನಕಾಂಗದ ಹಾಗೆ ಕಪ್ಪು ಕೆಂಪು. ಹುರಿದರೆ ಹೊರಗೆ ಪೂರ್ತಿ ಕಪ್ಪಾಗುತ್ತದೆ. ಒಳಗೆ ಎಷ್ಟು ಬೆಂದಿದೆ ಎಂದು ಬಣ್ಣ ನೋಡಿ ಹೇಳಲಾಗುವುದಿಲ್ಲ.

"ಇವತ್ತು ಶನಿವಾರ, ನಾನು ಬಾಯಿಗೆ ಹಾಕಲ್ಲ. ಯಾರಾದ್ರೂ ಉಪ್ಪು ನೋಡ್ರೋ," ಎಂದ ಆತಿಥೇಯ. ಅವನು ಶನಿವಾರ ಮಾಂಸ ತಿನ್ನುವುದಿಲ್ಲ. ಭಾನುವಾರ ನಾವು ಹೊರಡುವವರಾದ್ದರಿಂದ ಅಡುಗೆ ಅಂದೇ ಆಗಬೇಕಿತ್ತು.

"ಕೊಡು ಮಾರಾಯ, ನಾನು ಬಂದದ್ದೇ ಅದಕ್ಕೆ," ಎಂದು ಪರ್ತ್‌ನ ಗೆಳತಿ ಅಂಗೈ ಒಡ್ಡಿದಳು. ಅವನು ಸೌಟಿನಿಂದ ಒಂದು ತುಂಡು ಹಾಕಿದ. ಊದಿ ಊದಿ ತಿಂದಳು. "ಉಪ್ಪು ಕಮ್ಮಿ ಉಂಟು."

"ನಿಂದು ಒಣಮೀನು ತಿಂದ ನಾಲಿಗೆ. ಸಮುದ್ರ ತಂದು ಸುರಿದ್ರೂ ಕಮ್ಮಿ ಅಂತೀಯ."

"ಮತ್ತೆ ನನ್ನನ್ನು ಯಾಕೆ ಕೇಳಿದ್ದು? ಕರಡಿಯನ್ನೇ ಕೇಳ್ಬೇಕಿತ್ತು."

ಅವನು ಸೌಟನ್ನು ನನ್ನ ಕಡೆ ತಿರುಗಿಸಿದ. "ಕೈ ಒದ್ದೆ ಕಣೋ, ತಾಳು," ಎಂದೆ.

ಬ್ರಿಸ್ಬೇನ್‌ನ ಗೆಳೆಯ ಫ್ರಿಜ್‌ಗೆ ಒರಗಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ. ಸೊಪ್ಪನ್ನು ಕೆಳಗಿಟ್ಟು, "ತಾ ಇಲ್ಲಿ," ಎಂದು ಬಲಗೈ ಚಾಚಿದ.

ಆತಿಥೇಯ ಒಂದು ಕ್ಷಣ ಅವನ ಮುಖ ನೋಡಿದ. ಆಮೇಲೆ ತುಂಡನ್ನು ಅಂಗೈಗೆ ಹಾಕಿದ. ಗೆಳೆಯ ಅದನ್ನು ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ನಿಧಾನವಾಗಿ ಅಗಿದು ನುಂಗಿದ. "ಉಪ್ಪು ಸಾಕು. ಹುಳಿ ಬೇಕು," ಎಂದ. ನನ್ನ ಪಕ್ಕಕ್ಕೆ ಬಂದು ನಲ್ಲಿಯಲ್ಲಿ ಕೈ ತೊಳೆದ.

ನಾವು ಮೂವರೂ ನಮ್ಮ ನಮ್ಮ ಕೆಲಸಕ್ಕೆ ತಿರುಗಿದೆವು. ಅಂಥದ್ದನ್ನು ನೋಡಿಯೂ ನೋಡದ ಹಾಗೆ ಇರುವುದು ನಮ್ಮಲ್ಲಿ ಮರ್ಯಾದೆ. ಊಟಕ್ಕೆ ಅವನು ಮೊಸರನ್ನ, ಉಪ್ಪಿನಕಾಯಿ ಹಾಕಿಸಿಕೊಂಡ. ಸಾರು ಉಂಡವರು ನಾನು, ಪರ್ತ್‌ನ ಗೆಳತಿ ಮತ್ತು ಅಷ್ಟರಲ್ಲಿ ಕೆಲಸದಿಂದ ಬಂದ ಆತಿಥೇಯನ ಹೆಂಡತಿ.

ಆಸ್ಟ್ರೇಲಿಯಾಕ್ಕೆ ಮರಳಿದಾಗ ಇಲ್ಲಿ ಚಳಿಗಾಲ, ಜ್ವರದ ಕಾಲ. ಕೆಲವು ವಾರ ಕಳೆದಿದ್ದವು. ಅಡಿಲೇಡ್‌ನಲ್ಲಿ ನಮ್ಮ ಮನೆ ಹತ್ತಿರದ ಮಾಡ್ಬರಿ ಶಾಪಿಂಗ್ ಸೆಂಟರ್‌ನ ಕಾರ್ ಪಾರ್ಕಿಂಗ್‌ನಲ್ಲಿ ಸಾಮಾನು ತುಂಬುತ್ತಿದ್ದಾಗ ಪರ್ತ್‌ನಿಂದ ಫೋನ್ ಬಂತು.

"ವಿಡಿಯೊ ಆನ್ ಮಾಡ್ತೇನೆ, ಹೆದರಬೇಡ," ಎಂದಳು.

ಎರಡೂ ಕಣ್ಣಿನ ಮೇಲ್ರೆಪ್ಪೆಗಳು ಊದಿಕೊಂಡು ಕಣ್ಣು ಗೀರಿನಷ್ಟೇ ಕಾಣುತ್ತಿತ್ತು.

"ನೋಡು, ಕಪ್ಪೆಯ ಹಾಗೆ. ಇವತ್ತು ಮಧ್ಯಾಹ್ನ ಕ್ಯಾನಿಂಗ್ಟನ್‌ಗೆ ಸಾಮಾನು ತರ್ಲಿಕ್ಕೆ ಹೋಗಿದ್ದೆ. ಒಂದು ಚೀಲ ಎತ್ಲಿಕ್ಕೆ ಆಗ್ಲಿಲ್ಲ. ನಿನ್ನೆ ಆಪರೇಷನ್ ಥಿಯೇಟರ್‌ನಲ್ಲಿ ಪೇಷಂಟಿನ ದವಡೆ ಎತ್ತಿ ಹಿಡಿಯಲಿಕ್ಕೆ ಹೋದೆ, ಬೆರಳೇ ನಿಲ್ಲುವುದಿಲ್ಲ. ಬೇರೆಯವರನ್ನು ಕರೆದೆ. ಚಪಾತಿ ಅಗಿದ್ರೂ ಕೆನ್ನೆ ನೋವು ಮಾರಾಯ."

"ಜ್ವರ?"

"ಉಂಟು. ಫ್ಲೂ ಅಂತ ಮಾಡಿದೆ. ಕೆನಡಾದಿಂದ ಬಂದ ವಾರ ಹೊಟ್ಟೆಯೂ ಕೆಟ್ಟಿತ್ತು."

ರಕ್ತ ಪರೀಕ್ಷೆ ಮಾಡಿಸಿದ್ದಳು. ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಸ್ನಾಯು ಹಾಳಾದಾಗ ರಕ್ತಕ್ಕೆ ಬರುವ ಕಿಣ್ವವೂ ಏರಿತ್ತು. ರೆಪ್ಪೆಯ ಊತ, ಸ್ನಾಯು ನೋವು, ಜ್ವರ, ಈ ಕಣ. ನಾಲ್ಕೂ ಒಟ್ಟಿಗೆ ಬಂದರೆ ಪಠ್ಯಪುಸ್ತಕದಲ್ಲಿ ಒಂದು ಹೆಸರಿದೆ. ಟ್ರಿಕಿನೆಲ್ಲಾ. ಸರಿಯಾಗಿ ಬೇಯದ ಹಂದಿ, ಕರಡಿಯಂಥ ಪ್ರಾಣಿಗಳ ಮಾಂಸದಿಂದ ಬರುವ ಹುಳ. ಕರುಳಿನಲ್ಲಿ ಮರಿ ಹಾಕುತ್ತದೆ, ಮರಿಗಳು ರಕ್ತದಲ್ಲಿ ಹರಿದು ಸ್ನಾಯುಗಳಲ್ಲಿ ಸೇರಿಕೊಳ್ಳುತ್ತವೆ. ಓದಿದ ಮೇಲೆ ನಾನು ಅದನ್ನು ಒಮ್ಮೆಯೂ ಕಂಡಿರಲಿಲ್ಲ.

"ಇವತ್ತೇ ಆಸ್ಪತ್ರೆಗೆ ಹೋಗು. ಮೊದಲ ಮಾತೇ ಕರಡಿ ತಿಂದಿದ್ದೀನಿ ಅಂತ ಹೇಳು," ಎಂದೆ.

"ನೀನೂ ತಿಂದಿದ್ದೀಯಲ್ಲ."

"ನಾಳೆ ನಾನೂ ರಕ್ತ ಕೊಡ್ತೀನಿ."

ಅವಳನ್ನು ದಾಖಲು ಮಾಡಿಕೊಂಡು ಹುಳ ಕೊಲ್ಲುವ ಆಲ್ಬೆಂಡಜೋಲ್ ಮತ್ತು ಸ್ಟಿರಾಯ್ಡ್ ಶುರು ಮಾಡಿದರು. ನನ್ನ ರಕ್ತವನ್ನು ಸಹೋದ್ಯೋಗಿಯೊಬ್ಬರು ತೆಗೆದರು. ನಾನೇ ನನ್ನ ವರದಿ ನೋಡಿಕೊಳ್ಳುವಂತಿರಲಿಲ್ಲ. ಆ ವರದಿಯಲ್ಲಿ ಎಲ್ಲ ಸಹಜವಾಗಿತ್ತು. ಕೆನಡಾದಲ್ಲಿ ಆತಿಥೇಯನ ಹೆಂಡತಿಯದ್ದೂ ಸಹಜ. ಇದು ನನಗೆ ಅರ್ಥವಾಗಲಿಲ್ಲ. ಒಂದೇ ಪಾತ್ರೆಯ ಸಾರು ಮೂವರು ಉಂಡಿದ್ದೆವು, ಹಾಸಿಗೆ ಹಿಡಿದವಳು ಒಬ್ಬಳೇ.

ಮರುದಿನ ಪರ್ತ್‌ನ ಆರೋಗ್ಯ ಇಲಾಖೆಯ ನರ್ಸ್ ಒಬ್ಬರು ನನಗೆ ಫೋನ್ ಮಾಡಿದರು. ಯಾರು ಎಷ್ಟು ತಿಂದರು, ಎಷ್ಟು ಹೊತ್ತು ಕುದಿಯಿತು ಎಂದು ಒಂದೊಂದಾಗಿ ಕೇಳಿದರು. ಬಹಳ ಹೊತ್ತು ಕುದಿದಿತ್ತು, ಮಾಂಸ ಮೂಳೆ ಬಿಟ್ಟಿತ್ತು ಎಂದೆ. ಫ್ರೀಜರ್ ವಿಷಯ ಹೇಳಿದೆ. ತಣ್ಣನೆಯ ದೇಶದ ಕರಡಿಗಳಲ್ಲಿ ಇರುವ ಹುಳ ಫ್ರೀಜರ್‌ನಲ್ಲಿ ಸಾಯುವುದಿಲ್ಲ ಎಂದು ಅವರು ಹೇಳಿದರು. ಆಮೇಲೆ, ಅಡುಗೆ ಮುಗಿಯುವ ಮೊದಲು ಯಾರಾದರೂ ಏನಾದರೂ ಬಾಯಿಗೆ ಹಾಕಿಕೊಂಡರೇ ಎಂದು ಕೇಳಿದರು.

ಇಲ್ಲ ಎನ್ನಲು ಬಾಯಿ ತೆರೆದೆ. ನಮ್ಮಲ್ಲಿ ಉಪ್ಪು ನೋಡುವುದನ್ನು ಯಾರೂ ತಿಂದದ್ದರ ಲೆಕ್ಕಕ್ಕೆ ಹಿಡಿಯುವುದಿಲ್ಲ. ವ್ರತ ಮಾಡುವವರು ಬೇರೆಯವರ ಅಂಗೈಗೆ ಹಾಕಿ ಉಪ್ಪು ನೋಡಿಸುತ್ತಾರೆ, ಊಟವಾಯಿತೇ ಎಂದರೆ ಹಾಗೆ ನೋಡಿದವರೂ ಇನ್ನೂ ಇಲ್ಲ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಕೇಳಿದಾಗ ಪರ್ತ್‌ನ ಗೆಳತಿಯೂ ಅದನ್ನು ಹೇಳಿರಲಿಲ್ಲ.

"ಇಬ್ಬರು," ಎಂದೆ. ಎರಡನೆಯವರ ಹೆಸರು ಕೇಳಿದರು. ಮೊದಲು ಅವನ ಜೊತೆ ಮಾತಾಡುತ್ತೇನೆ ಎಂದೆ. ಆಗಲಿ, ಆದರೆ ಇವತ್ತೇ ಎಂದರು.

ಕೂಡಲೇ ಬ್ರಿಸ್ಬೇನ್‌ಗೆ ಫೋನ್ ಮಾಡಿದೆ. ಹಿನ್ನೆಲೆಯಲ್ಲಿ ಪಾತ್ರೆಯ ಸದ್ದು, ಅವನ ತಾಯಿಯ ದನಿ. ಪರ್ತ್‌ನ ಗೆಳತಿಯ ಕಣ್ಣು ಊದಿದೆ ಎಂದೆ.

"ನನಗೂ ಕಣ್ಣು ಊದಿತ್ತು ಕಣೋ. ಅಲರ್ಜಿ ಅಂತ ನಮ್ಮ ಕ್ಲಿನಿಕ್‌ನಲ್ಲೇ ಒಬ್ರು ಪ್ರೆಡ್ನಿಸೊಲೋನ್ ಬರೆದುಕೊಟ್ರು. ಇಳಿದುಹೋಯ್ತು."

"ಮೈ ಕೈ ನೋವು?"

"ಸ್ವಲ್ಪ. ಇಲ್ಲಿ ಎಲ್ಲರಿಗೂ ಫ್ಲೂ."

ಪರ್ತ್‌ನ ಉಳಿದದ್ದನ್ನೆಲ್ಲ ಹೇಳಿದೆ. ಅವನು ದನಿ ಏರಿಸಿ, ಪಕ್ಕದವರಿಗೂ ಕೇಳಲಿ ಎನ್ನುವಂತೆ ಹೇಳಿದ. "ನಾನು ತಿಂದಿಲ್ಲವಲ್ಲ. ಮೊಸರನ್ನ ಉಂಡೆ. ನಿನಗೆ ಗೊತ್ತಲ್ಲ."

"ಹೊರಗೆ ಬಂದು ಮಾತಾಡು."

ಬಾಗಿಲು ಮುಚ್ಚಿದ ಸದ್ದಾಯಿತು. "ಏನು ನೋಡಿದ್ಯೋ ಅದನ್ನ ಮರ್ತುಬಿಡು," ಎಂದ ಮೆಲ್ಲಗೆ. "ಒಂದು ತುಂಡು. ಹೊಗೆ ಏಳೋಷ್ಟು ಬಿಸಿ ಇತ್ತು. ನನ್ನ ಇಯೋಸಿನೊಫಿಲ್ ನೋಡ್ದೆ, ನಾರ್ಮಲ್."

"ಸ್ಟಿರಾಯ್ಡ್ ತಗೊಂಡ ಮೇಲೆ ನೋಡಿದ್ದಾ, ಮೊದಲಾ?"

"ಮೇಲೆ."

ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ಆ ಕಣಗಳನ್ನು ಇಳಿಸಿಬಿಡುತ್ತದೆ. ಇದು ಅವನಿಗೂ ಗೊತ್ತು. ಹುಳಕ್ಕೆ ಔಷಧಿ ಕೊಡದೆ ಸ್ಟಿರಾಯ್ಡ್ ಮಾತ್ರ ಕೊಟ್ಟರೆ ಹುಳ ಕರುಳಿನಲ್ಲಿ ಇನ್ನಷ್ಟು ಕಾಲ ಉಳಿದು ಮರಿ ಹಾಕುತ್ತದೆ ಎಂದು ನಾನು ಹೇಳಿದೆ. "ನೋಡೋಣ," ಎಂದು ಫೋನ್ ಇಟ್ಟ.

ನಾನು ನರ್ಸ್‌ಗೆ ಫೋನ್ ಮಾಡಿ ಅವನ ಹೆಸರು ಕೊಟ್ಟೆ. ಅವನು ತಿಂದಿಲ್ಲ ಎನ್ನುತ್ತಾನೆ, ತಿಂದದ್ದನ್ನು ನಾನು ನೋಡಿದ್ದೇನೆ ಎಂದೆ. ಅವನ ಗುಟ್ಟನ್ನು ಮೂರನೆಯವರಿಗೆ ಹೇಳಿದ್ದು ಅದೇ ಮೊದಲು. ಸಂಜೆಯೊಳಗೆ ಕ್ವೀನ್ಸ್‌ಲ್ಯಾಂಡ್‌ನ ಅಧಿಕಾರಿಯೊಬ್ಬರು ಅವನನ್ನು ಸಂಪರ್ಕಿಸಿದರು. ತಾಯಿ ಕೂರುವ ಕೋಣೆಯಲ್ಲಿದ್ದ ಮನೆಯ ಲ್ಯಾಂಡ್‌ಲೈನ್‌ಗೆ. ತಾನು ಸಸ್ಯಾಹಾರಿ, ಮಾಂಸ ಮುಟ್ಟಿಲ್ಲ ಎಂದು ಅವನು ಹೇಳಿದ. ಒಬ್ಬ ಡಾಕ್ಟರ್ ಹಾಗೆ ಹೇಳಿದರೆ ಅವರು ಮಾಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ನನಗೆ ಅವನು ಒಂದೇ ಸಾಲಿನ ಮೆಸೇಜ್ ಕಳಿಸಿದ. "ಹೇಳಿಬಿಟ್ಟೆಯಲ್ಲ."

ಆಮೇಲೆ ಅವನು ನನ್ನ ಫೋನ್ ಎತ್ತಲಿಲ್ಲ. ಆ ವಾರದ ಕೊನೆಗೆ ಅವನ ತಾಯಿಯೇ ಕರೆ ಮಾಡಿದರು. "ಎರಡು ಮೆಟ್ಲು ಹತ್ತಿದ್ರೆ ಕೂತ್ಕೊಳ್ತಾನಪ್ಪ. ಯಾಕೋ ಅಂದ್ರೆ ಏನಿಲ್ಲ ಅಂತಾನೆ. ನೀನು ಬರ್ತೀಯೇನು?"

ಡ್ಯೂಟಿ ಬದಲಿಸಿಕೊಂಡು ಬ್ರಿಸ್ಬೇನ್‌ಗೆ ವಿಮಾನ ಹಿಡಿದೆ. ವಿಮಾನ ನಿಲ್ದಾಣದ ರೈಲಿನಲ್ಲಿ ಬಂದು ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಇಳಿದು ಅವನ ಅಪಾರ್ಟ್‌ಮೆಂಟ್‌ಗೆ ನಡೆದೆ. ಬಾಗಿಲು ತೆರೆದವನು ಅವನೇ. ಕಾಲು ಊದಿತ್ತು. ಒಂದು ವಾಕ್ಯ ಮುಗಿಸಲು ನಡುವೆ ಉಸಿರು ತೆಗೆದುಕೊಳ್ಳಬೇಕಿತ್ತು. ನಾಡಿ ಹಿಡಿದೆ. ವೇಗವಾಗಿತ್ತು, ಲಯ ತಪ್ಪುತ್ತಿತ್ತು. ಮರಿಗಳು ಹೃದಯದ ಸ್ನಾಯುವನ್ನು ಹಾದುಹೋಗುವಾಗ ಅಲ್ಲಿ ಉರಿಯೂತ ಆಗುತ್ತದೆ. ನಾನು ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಅವನು ಬೇಡ ಎನ್ನಲಿಲ್ಲ.

ತಾಯಿ ಒಳಗೆ ಬಟ್ಟೆ ಜೋಡಿಸುತ್ತಿದ್ದರು.

"ಅಲ್ಲಿ ಮೊದಲು ಕೇಳೋದೇ ಇದನ್ನ," ಎಂದೆ. "ನೀನು ಹೇಳ್ತೀಯಾ, ನಾನು ಹೇಳ್ಲಾ?"

"ಎದುರಿಗೆ ಅಮ್ಮ ಇರ್ತಾಳೆ."

"ಅವರಿಗೆ ಇಂಗ್ಲಿಷ್ ಬರಲ್ಲ."

"ನನ್ನ ಮುಖ ಓದೋಕೆ ಬರುತ್ತೆ." ಉಸಿರು ತೆಗೆದುಕೊಂಡ. "ನೀನೇ ಹೇಳು. ನನ್ನ ಬಾಯಿಂದ ಬರಲ್ಲ."

"ಯಾಕೋ ತಿಂದೆ?" ಎಂದು ಕೇಳಿದೆ. ಕೇಳಬಾರದಿತ್ತೇನೋ, ಆದರೆ ಕೇಳಿದೆ.

"ವಾಸನೆ ಚೆನ್ನಾಗಿತ್ತು," ಎಂದ. ಬೇರೆ ಕಾರಣ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ನಾನು ಡಾಕ್ಟರ್ ಆಗಿ ಅಲ್ಲ, ಜೊತೆಗೆ ಬಂದವನಾಗಿ ನಿಂತೆ. ಅಲ್ಲಿನ ಡಾಕ್ಟರ್‌ಗಳು ವೈರಸ್‌ನಿಂದ ಹೃದಯಕ್ಕೆ ಆದ ಉರಿಯೂತ ಎಂದುಕೊಂಡಿದ್ದರು. ಚಳಿಗಾಲದಲ್ಲಿ ಹಾಗೆ ಅಂದುಕೊಳ್ಳುವುದು ಸಹಜ. ನಾನು ರಿಜಿಸ್ಟ್ರಾರ್, ಅಂದರೆ ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರ್‌ಗೆ ಹೇಳಿದೆ: ಎಲ್ಲಿ, ಯಾವ ಮಾಂಸ, ಎಷ್ಟು ದೊಡ್ಡ ತುಂಡು, ಎಷ್ಟು ಬೆಂದಿತ್ತು, ನಾನು ಎಲ್ಲಿ ನಿಂತಿದ್ದೆ. ಪ್ರೆಡ್ನಿಸೊಲೋನ್ ಯಾವಾಗ ಶುರುವಾಯಿತು, ರಕ್ತ ಪರೀಕ್ಷೆ ಯಾವಾಗ ಆಯಿತು. ಅವರು ಬರೆದುಕೊಂಡು ಒಮ್ಮೆ ಓದಿ ಹೇಳಿದರು. ಗೆಳೆಯ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದ. ತಾಯಿ ಅವನನ್ನೂ ನನ್ನನ್ನೂ ನೋಡುತ್ತಿದ್ದರು.

ಅಂದೇ ಆಲ್ಬೆಂಡಜೋಲ್ ಕೊಟ್ಟರು. ಸ್ಟಿರಾಯ್ಡ್ ಪ್ರಮಾಣ ಹೆಚ್ಚಿಸಿದರು. ಮೀನಖಂಡದಿಂದ ಸಣ್ಣ ತುಣುಕು ಸ್ನಾಯು ತೆಗೆದು ಕಳಿಸಿದರು. ಹೃದಯದ ಎಂ.ಆರ್.ಐ.ಗೆ ಒಯ್ಯುವ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದರು. ಅವನು ಕೊರಳಿನ ಕರಡಿಗೆಯನ್ನು ತಾನೇ ಬಿಚ್ಚಿ ತಾಯಿಯ ಕೈಗೆ ಕೊಟ್ಟ. ಅವರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡರು.

ಕಾರಿಡಾರ್‌ನಲ್ಲಿ ತಾಯಿ ಕೇಳಿದರು. "ಏನೈತಂತಪ್ಪ ಅವನಿಗೆ?"

"ಹುಳ ಅಮ್ಮ. ಮಾಂಸದಿಂದ ಬಂದದ್ದು."

ಅವರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತರು. "ಔಷಧಿ ಐತೇನು?"

"ಇದೆ. ಕೊಡ್ತಾ ಇದ್ದಾರೆ."

"ಮತ್ತೆ ಕೊಡ್ಲಿ," ಎಂದರು. ಅಷ್ಟೇ. ಅವನ ಬಳಿ ಹೋಗಿ ಮಂಚದ ಪಕ್ಕ ಕುಳಿತು, "ಹಸಿವಾತಾ?" ಎಂದು ಕೇಳಿದರು.

ಸ್ನಾಯುವಿನ ತುಣುಕಿನಲ್ಲಿ ಮರಿಗಳು ಸುರುಳಿ ಸುತ್ತಿಕೊಂಡು ಇದ್ದವು. ಮಾನಿಟರ್‌ನಲ್ಲಿ ಚಿತ್ರ ತೋರಿಸಿದರು. ಪಾಠದಲ್ಲಿ ನೋಡಿದ ಹಾಗೆಯೇ ಇತ್ತು. ನನಗೆ ಏನೂ ಅನ್ನಿಸಲಿಲ್ಲ. ಎರಡು ದಿನ ಅವನ ಉಸಿರು ಸ್ವಲ್ಪ ಸುಧಾರಿಸಿತು. ಪರ್ತ್‌ನ ಗೆಳತಿ ತನ್ನ ಆಸ್ಪತ್ರೆಯ ಹಾಸಿಗೆಯಿಂದಲೇ ವಿಡಿಯೊ ಕರೆ ಮಾಡಿದಳು.

"ಎಂತ ಮಾರಾಯ, ಹುಳಿ ಬೇಕು ಅಂದಿದ್ದಿಯಲ್ಲ, ಸಾಕಾಯಿತಾ?"

ಅವನು ನಕ್ಕ. "ನೀನು ಉಪ್ಪು ಕಮ್ಮಿ ಅಂದಿದ್ದು ಸುಳ್ಳು," ಎಂದ.

ನಂತರದ ದಿನ ಮಧ್ಯಾಹ್ನ ಅವನ ಹೃದಯದ ಲಯ ಪೂರ್ತಿ ತಪ್ಪಿತು. ನಾನು ಬಾಗಿಲ ಹೊರಗಿದ್ದೆ. ಪರದೆ ಎಳೆದರು. ಎದೆ ಒತ್ತುವವರು ಸರದಿಯಲ್ಲಿ ಬದಲಾಗುತ್ತಿದ್ದುದು ಪರದೆಯ ಕೆಳಗೆ ಕಾಣುವ ಶೂಗಳಿಂದ ಗೊತ್ತಾಗುತ್ತಿತ್ತು. ಬಹಳ ಹೊತ್ತು ಪ್ರಯತ್ನಿಸಿದರು. ಆ ಕೆಲಸವನ್ನು ನಾನೂ ಎಷ್ಟೋ ಸಲ ಮಾಡಿದ್ದೇನೆ. ಸರಿಯಾಗಿಯೇ ಮಾಡಿದರು ಎಂದು ಹೇಳಬಲ್ಲೆ. ಒಂದು ವಾರ ಮೊದಲೇ ಔಷಧಿ ಶುರುವಾಗಿದ್ದರೆ ಉಳಿಯುತ್ತಿದ್ದನೇ ಎಂದು ಅನೇಕರು ಕೇಳಿದ್ದಾರೆ. ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರಿಗೂ ಗೊತ್ತಿರಲಾರದು.

ಅಸಹಜ ಸಾವುಗಳನ್ನು ವಿಚಾರಿಸುವ ಕೊರೋನರ್ ಕಚೇರಿಯವರು ಹೇಳಿಕೆ ಕೇಳಿದರು, ಬರೆದುಕೊಟ್ಟೆ. ಆತಿಥೇಯ ಕೆನಡಾದಿಂದ ಪ್ರತಿದಿನ ಫೋನ್ ಮಾಡುತ್ತಿದ್ದ, ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ, "ಅವನ ಮುಖ ನೋಡ್ದೆ ಕಣೋ ಅವತ್ತು. ಬೇಡ ಅನ್ನೋಕೆ ನಾನ್ಯಾರು ಅನ್ಸ್ತು," ಎಂದ.

ದೇಹ ನಮ್ಮ ಕೈಗೆ ಬರುವುದು ತಡವಾಯಿತು. ಬ್ರಿಸ್ಬೇನ್‌ನ ಸ್ಮಶಾನವೊಂದರಲ್ಲಿ ಮಣ್ಣು ಮಾಡಿದೆವು. ಲಿಂಗವನ್ನು ತಾಯಿ ಅವನ ಅಂಗೈಯಲ್ಲಿ ಇಟ್ಟರು. ಇಡಬಹುದೇ ಎಂದು ಯಾರನ್ನೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಊರಿನಿಂದ ಒಂದರ ಹಿಂದೆ ಒಂದು ಫೋನ್ ಬರುತ್ತಿತ್ತು. ಹಾರ್ಟ್ ಅಟ್ಯಾಕ್ ಅಂತೆ, ಕೆಲಸದ ಒತ್ತಡ ಅಂತೆ ಎಂದು ಆ ಕಡೆಯವರೇ ಹೇಳುತ್ತಿದ್ದರು. ತಾಯಿ ಕೇಳಿಸಿಕೊಂಡು ಇಡುತ್ತಿದ್ದರು. ಸಂಜೆ ಫೋನನ್ನು ಮಗುಚಿಟ್ಟು ನನ್ನ ಎದುರು ಕುಳಿತರು.

"ಅವನು ತಿಂದಿದ್ದು ನೀನು ಕಣ್ಣಾರೆ ನೋಡಿದ್ದೇನು?"

"ನೋಡಿದೆ ಅಮ್ಮ."

"ಯಾರಾದ್ರೂ ಬಲವಂತ ಮಾಡಿದ್ರಾ?"

"ಇಲ್ಲ. ಅವನೇ ಕೈ ಚಾಚಿದ."

"ಹಂಗಾರೆ ಕೇಳಿದೋರಿಗೆ ಅದನ್ನೇ ಹೇಳು. ಬರೆಯೋದಿದ್ರೆ ಬರಿ. ನನಗೆ ಹೆದರಿ ಮುಚ್ಚಿಟ್ಟಿದ್ದು ಸಾಕು." ಆಮೇಲೆ ಕೇಳಿದರು. "ನಿನ್ನ ಬಿಟ್ರೆ ಯಾರು ನೋಡ್ಯಾರೆ? ನಾಳೆ ಯಾರಾದ್ರೂ ನಿನ್ನ ಮಾತು ಸುಳ್ಳು ಅಂದ್ರೆ?"

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ಅಡುಗೆ ಮಾಡಿದವನು ನೋಡಿದ್ದಾನೆ. ಸೌಟು ಅವನ ಕೈಯಲ್ಲಿತ್ತು. ಅವನು ಅದೇ ಊರಿನಲ್ಲಿ ಡಾಕ್ಟರ್ ಆಗಿದ್ದಾನೆ. ಪರ್ತ್‌ನ ಗೆಳತಿ ನೋಡಿದ್ದಾಳೆ. ಅವಳು ಒಲೆಯ ಆ ಬದಿಯಲ್ಲಿದ್ದಳು. ಈಗ ಕೆಲಸಕ್ಕೆ ಮರಳಿದ್ದಾಳೆ, ಬೆರಳಿನ ಬಲ ಇನ್ನೂ ಪೂರ್ತಿ ಬಂದಿಲ್ಲ. ನಾನು ಸಿಂಕ್‌ನ ಮುಂದೆ ಇದ್ದೆ. ನೋಡಿದವರು ನಾವು ಮೂವರು, ಮೂವರೂ ಬದುಕಿದ್ದೇವೆ.